ಸಹಾಯ ಬೇಕು: ‘ಗದರು’ ಅನ್ನೋದಕ್ಕಿಂತ ಮೆತ್ತಗಿನ ಪದ

ಬೆಂಗಳೂರಿನ ಸರ್ಕಾರಿ ಕಚೇರಿಯೊಂದರ ಟಿಪ್ಪಣಿಗೆ ಪದ ಬೇಕಿದೆ. ತಡವಾಗಿ ಬಂದ ಗುಮಾಸ್ತರಿಗೆ ಮೇಲಧಿಕಾರಿ ಮೆಲುದನಿಯಲ್ಲೇ ತಪ್ಪು ಎತ್ತಿ ಹೇಳಿದ್ದಾರೆ, ಅಷ್ಟೇ.

‘ವಾಗ್ದಂಡನೆ’ ಸಲ್ಲದು. 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಲ್ಲಿ ಅದು ಲಘು ದಂಡನೆ. ಬಾಯಿಮಾತಿಗೆ ಆ ಹೆಸರಿಟ್ಟರೆ ನೋಟಿಸು, ಸಮಜಾಯಿಷಿ ಎಲ್ಲ ಕೇಳಬೇಕಾಗುತ್ತದೆ. ‘ಛೀಮಾರಿ’ ಪತ್ರಿಕೆಯವರಿಗೇ ಇರಲಿ. ‘ಗದರಿದರು’ ಎಂದರೆ ದನಿ ಏರಿತು, ‘ಮೂದಲಿಸಿದರು’ ಎಂದರೆ ಚುಚ್ಚುಮಾತು. ‘ತಿಳಿಹೇಳಿದರು’ ಅಂದರೆ ತಪ್ಪೇ ಮಾಯ! ‘ಆಕ್ಷೇಪಿಸು’ ಹತ್ತಿರ ಬರುತ್ತದೆ, ಆದರೆ ಅದು ಕೆಲಸಕ್ಕೆ ಅಂಟುವ ಪದ: ‘ತಡವಾದದ್ದನ್ನು ಆಕ್ಷೇಪಿಸಿದರು’ ಸರಿ, ‘ಗುಮಾಸ್ತರನ್ನು ಆಕ್ಷೇಪಿಸಿದರು’ ಕಿವಿಗೆ ಒಗ್ಗದು.

ವ್ಯಕ್ತಿಯನ್ನೇ ಕರ್ಮವಾಗಿ ಹಿಡಿಯುವ, ದನಿ ಏರದ ಕ್ರಿಯಾಪದ ಗೊತ್ತಿದ್ದರೆ ಪೂರ್ತಿ ವಾಕ್ಯದಲ್ಲಿ ಬಳಸಿ ತೋರಿಸಿ. ಯಾವ ಸೀಮೆಯ ಬಳಕೆ ಅಂತಲೂ ಬರೆಯಿರಿ.