ಮೊದಲ ಜಿಂಕೆ ರೈಫಲ್: ಹಳೇ ಲಿವರ್ ಆಕ್ಷನ್ ತಗೊಳ್ಳಲಾ? ಅನುಭವ ಇದ್ದವರು ಹೇಳಿ

ಎಡಚ_ಪಿಟ್ಸ್‌ಬರ್ಗ್: ಹಂಟರ್ ಸೇಫ್ಟಿ ಕೋರ್ಸ್ ಮುಗೀತು, ಪೆನ್ಸಿಲ್ವೇನಿಯಾ ಲೈಸೆನ್ಸ್ ಕೈಗೆ ಬಂತು. ಎಚ್-1ಬಿ ಮೇಲಿದ್ದೇನೆ. ಬಜೆಟ್ ಎಲ್ಲಾ ಸೇರಿ 900 ಡಾಲರ್. ಹೋಗೋ ಜಾಗ ದಟ್ಟ ಕಾಡು, 100 ಗಜದಾಚೆ ಏನೂ ಕಾಣಲ್ಲ. ಅಂಗಡಿಯಲ್ಲಿ ಟ್ರಿಗರ್ ಕೆಳಗಿನ ಲಿವರ್ ಎಳೆದು ತೋಟಾ ತುಂಬೋ ಮೂರು ಹಳೇ ರೈಫಲ್ ಇವೆ: 1970ರ ದಶಕದ ವಿಂಚೆಸ್ಟರ್ 94, ಮಾರ್ಲಿನ್ 336, ಮತ್ತೆ .300 ತೋಟಾದ ಸ್ಯಾವೇಜ್ 99. ನಾನು ಎಡಗೈಯವನು, ಗುರಿ ಹಿಡಿಯೋದೂ ಎಡಗಣ್ಣಲ್ಲೇ. ಪ್ಲಾಸ್ಟಿಕ್ ಹಿಡಿಯ ಹೊಸದು ಬೇಡ. ಯಾವುದು ತಗೊಳ್ಳಲಿ? ತಗೊಳ್ಳುವಾಗ ಏನೇನು ನೋಡಬೇಕು?

ಪೊನ್ನಂಪೇಟೆ_ಕೋವಿ: 94 ಅಂದರೆ 1964ಕ್ಕೆ ಮುಂಚಿನದ್ದು. ಉಳಿದದ್ದು 94 ಅಲ್ಲ. ಆ ವರ್ಷ ಕಂಪನಿ ಖರ್ಚು ಉಳಿಸೋಕೆ ಹೋಗಿ ತೋಟಾ ಮೇಲೆತ್ತೋ ಲಿಫ್ಟರನ್ನು ತಗಡಿನದ್ದು ಮಾಡಿತು, ಗಟ್ಟಿ ಪಿನ್ನಿನ ಜಾಗಕ್ಕೆ ಸುರುಳಿ ಪಿನ್ನು ಹಾಕಿತು, ರಿಸೀವರಿನ, ಅಂದರೆ ನಡುವಿನ ಯಂತ್ರದ ಮೈಯ, ಲೋಹವನ್ನೇ ಬದಲಾಯಿಸಿತು. ಬಣ್ಣ ಹೋದರೆ ಆ ರಿಸೀವರಿಗೆ ಮಾಮೂಲಿ ಬ್ಲೂಯಿಂಗ್ (ತುಕ್ಕು ತಡೆಯೋ ಕಪ್ಪು-ನೀಲಿ ಲೇಪ) ಕೂರಲ್ಲ.

ನನ್ನದು 1956ರದ್ದು, .30-30 ತೋಟಾದ್ದು. ಲೆಕ್ಕ ಹೇಳ್ತೀನಿ ಕೇಳಿ: ಕೋವಿ 1,050, ಸಾಗಾಟ 45, ಡೀಲರ್ ಟ್ರಾನ್ಸ್‌ಫರ್ 40, ಪೀಪ್ ಸೈಟ್ (ಸಣ್ಣ ತೂತಿನೊಳಗಿಂದ ಗುರಿ ನೋಡೋದು) 110. ಪೀಪ್ ಹಾಕಿದ ಮೇಲೆ ಗುಂಡು ಮೇಲಕ್ಕೆ ಬೀಳ್ತದೆ, ನಳಿಗೆ ತುದಿಗೆ ಎತ್ತರದ ಫ್ರಂಟ್ ಬ್ಲೇಡ್ ಬೇಕು, ಅದಕ್ಕೆ 28. ರಿಸೀವರಿನ ಪಕ್ಕದಲ್ಲಿ ಕಾರ್ಖಾನೆಯ ತೂತು ಇದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ಹೊಸ ತೂತು ಕೊರೆಸಿದ ದಿನವೇ ಬೆಲೆ ಬಿತ್ತು ಅಂತ ತಿಳ್ಕೊಳ್ಳಿ.

ನೋಡಬೇಕಾದ್ದು ನಳಿಗೆಯ ಬಾಯಿ. 94ನ್ನು ಹಿಂದಿನಿಂದ ಸ್ವಚ್ಛ ಮಾಡೋಕೆ ಆಗಲ್ಲ, ಸರಳು ಬಾಯಿಯಿಂದಲೇ ಹೋಗಬೇಕು. ಅರವತ್ತು ವರ್ಷ ಸರಳು ಉಜ್ಜಿ ಬಾಯಿ ಒಂದು ಕಡೆ ಸವೆದಿರ್ತದೆ, ಆಮೇಲೆ ಗುರಿ ಕೂರಲ್ಲ. ಒಂದು ತೋಟಾದ ಗುಂಡಿನ ತುದಿಯನ್ನು ಬಾಯಿಗೆ ಇಟ್ಟು ನೋಡಿ, ಹಿತ್ತಾಳೆ ಕವಚದವರೆಗೂ ಸಡಿಲವಾಗಿ ಒಳಗೆ ಹೋದರೆ ವಾಪಸ್ ಕೊಡಿ. ಎರಡನೇದು ಹಾಫ್ ಕಾಕ್. ಇದರಲ್ಲಿ ಬೇರೆ ಸೇಫ್ಟಿ ಇಲ್ಲ, ಅದೇ ಸೇಫ್ಟಿ. ಖಾಲಿ ಕೋವಿಯಲ್ಲಿ ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸಿ ಲಿವರ್ ಬಿಗಿಯಾಗಿ ಹಿಡಿದು ಟ್ರಿಗರ್ ಒತ್ತಿ. ಹ್ಯಾಮರ್ ಬಿತ್ತೋ, ಆ ಕೋವಿ ಮುಟ್ಟಬೇಡಿ.

ಮೂರು ಕೆಜಿ ಚಿಲ್ಲರೆ ತೂಕ, ಎಲ್ಲಾ ತೂಕ ರಿಸೀವರಿನ ಹತ್ತಿರ. ಒಂದೇ ಕೈಯಲ್ಲಿ ಹಿಡಿದು ಇಡೀ ಬೆಟ್ಟ ಹತ್ತಬಹುದು. ಜಾನ್ ಬ್ರೌನಿಂಗ್ ಮಾಡಿಟ್ಟ ಆ ಸಮತೋಲ ಬೇರೆ ಯಾವುದರಲ್ಲೂ ಇಲ್ಲ.

ಮಂಡ್ಯ_ಮಾರ್ಲಿನ್: ಬಂತಪ್ಪ ಕೊಡಗಿನ ಪುರಾಣ. 94ರಲ್ಲಿ ಖಾಲಿ ತೋಟಾ ತಲೆ ಮೇಲಿಂದ ಹಾರುತ್ತೆ, ನೆಟ್ಟಗೆ ಸ್ಕೋಪ್ ಕೂರಿಸೋಕೆ 1982ರವರೆಗೂ ಗತಿ ಇರಲಿಲ್ಲ. 336 ಬಂದದ್ದು 1948ರಲ್ಲಿ, ಆಗಲೇ ಮೇಲ್ಭಾಗ ಗಟ್ಟಿ, ಖಾಲಿ ತೋಟಾ ಪಕ್ಕದಿಂದ ಹೊರಗೆ. ನಲವತ್ತು ದಾಟಿದ ಕಣ್ಣಿಗೆ ಪೀಪ್ ಸೈಟ್ ಮಂಜು ಗುರುವೇ, ಸ್ಕೋಪ್ ಬೇಕು.

ಇನ್ನೊಂದು, 336ರ ಲಿವರಿನ ಒಂದು ಸ್ಕ್ರೂ ಬಿಚ್ಚಿದರೆ ಲಿವರ್, ಬೋಲ್ಟ್ (ತೋಟಾ ಒಳಗೆ ತಳ್ಳೋದು), ಇಜೆಕ್ಟರ್ (ಖಾಲಿ ತೋಟಾ ಹೊರಗೆ ಎಸೆಯೋದು) ಮೂರೂ ಕೈಗೆ ಬರುತ್ತೆ, ನಳಿಗೆಯನ್ನು ಹಿಂದಿನಿಂದಲೇ ಉಜ್ಜಬಹುದು. ಬಾಯಿ ಸವೆಯೋ ಮಾತೇ ಇಲ್ಲ. ಸ್ಕ್ರೂಡ್ರೈವರ್ ಮಾತ್ರ ಕೋವಿಯದ್ದೇ ಇರಲಿ, ಸಮಾನ ದಪ್ಪದ ತುದಿಯದ್ದು. ಹಾರ್ಡ್‌ವೇರ್ ಅಂಗಡಿಯದ್ದು ತಲೆ ಕಿತ್ತು ಹಾಕುತ್ತೆ. ಇಜೆಕ್ಟರ್ ಚಿಕ್ಕದು, ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ.

ಇದರ ಕಾಯಿಲೆಯನ್ನೂ ಮುಚ್ಚಿಡಲ್ಲ. ಲಿವರಿನ ಚೂಪು ಅಂಚು ತೋಟಾ ಮೇಲೆತ್ತೋ ಕ್ಯಾರಿಯರಿನ ತಳ ಕೊರೆಯುತ್ತೆ. ಹಳ್ಳ ಆದಮೇಲೆ ಕ್ಯಾರಿಯರ್ ಸರಿಯಾದ ಎತ್ತರಕ್ಕೆ ನಿಲ್ಲಲ್ಲ, ಎರಡನೇ ತೋಟಾ ಕೆಳಗಡೆ ನುಗ್ಗಿ ಲಿವರ್ ಅರ್ಧಕ್ಕೇ ಕಚ್ಚಿಕೊಳ್ಳುತ್ತೆ. ಅಂಚನ್ನು ಎಣ್ಣೆಕಲ್ಲಲ್ಲಿ ಸ್ವಲ್ಪ ಗುಂಡಗೆ ಮಾಡಿ, ಕ್ಯಾರಿಯರ್ ತಳಕ್ಕೆ ವೆಲ್ಡ್ ತುಂಬಿಸಿ ಮಟ್ಟ ಮಾಡಿಸಬೇಕು. ನಂಗೆ ಈ ಕೆಲಸಕ್ಕೆ ಒಬ್ಬ ರಿಪೇರಿಯವನು 140 ತಗೊಂಡು ಕ್ಯಾರಿಯರನ್ನು ಗೀಚಿ ವಾಪಸ್ ಕೊಟ್ಟ, ಇನ್ನೊಬ್ಬ 85ಕ್ಕೆ ಸರಿ ಮಾಡಿದ. ಒಟ್ಟು 225, ಕೋವಿಯ ಬೆಲೆ 560.

ನಳಿಗೆ ಮೇಲೆ ಹಳೇ ಮಾರ್ಲಿನ್ ಕಾರ್ಖಾನೆಯ ಜೆಎಂ ಮುದ್ರೆ ಇರಲೇಬೇಕು. ಕಂಪನಿ ರೆಮಿಂಗ್ಟನ್ ಕೈಗೆ ಹೋದಮೇಲೆ ಕೆಲಸ ನ್ಯೂಯಾರ್ಕ್ ರಾಜ್ಯದ ಇಲಿಯನ್ನಿಗೆ ಶಿಫ್ಟ್ ಆಯ್ತು, ಆ ಮೊದಲ ವರ್ಷಗಳ ಮರ-ಲೋಹದ ಹೊಂದಿಕೆ ನೋಡಿದರೆ ಅಳು ಬರುತ್ತೆ. ರೂಗರ್ 2020ರಲ್ಲಿ ಕೊಂಡುಕೊಂಡ ಮೇಲಿನವು ಚೆನ್ನಾಗಿವೆ, ಆದರೆ ಅವು 900ಕ್ಕೆ ಸಿಗಲ್ಲ.

ಪೊನ್ನಂಪೇಟೆ_ಕೋವಿ: 560ರ ಕೋವಿಗೆ 225 ರಿಪೇರಿ ಹಾಕಿಸಿದವರು ನಂಗೆ ಪುರಾಣ ಹೇಳ್ತಾರೆ. ಚೆನ್ನಾಗಿದೆ.

ಧಾರವಾಡ_ಕಾಕಾ: ಇಬ್ಬರೂ ಸುಮ್ಮ ಕೂಡ್ರಿ. ನಿಮ್ಮ 94, 336ರ ಟ್ಯೂಬ್ ಮ್ಯಾಗಝೀನಿನ್ಯಾಗ (ತೋಟಾ ಒಂದರ ಹಿಂದೊಂದು ಕೂಡೋ ಕೊಳವಿ) ಚೂಪು ಗುಂಡು ಹಾಕಾಂಗಿಲ್ಲ, ಹಿಂದಿನ ಗುಂಡಿನ ಮೂಗು ಮುಂದಿನ ತೋಟಾದ ಬುಡದಾಗ ಕಿಡಿ ಹಚ್ಚೋ ಪ್ರೈಮರ್‌ಗೆ ಬಡದರ ಮ್ಯಾಗಝೀನ್ ಸಿಡೀತೈತಿ. ಅದಕ್ಕ ಚಪ್ಪಟಿ ಮೂಗಿನ ಗುಂಡು, ಇಲ್ಲಾ ಹಾರ್ನಡಿ ಕಂಪನಿಯ ಮೆತ್ತನ್ನ ತುದೀದು. ಆರ್ಥರ್ ಸ್ಯಾವೇಜ್ ಈ ತ್ರಾಸನ್ನ 1890ರ ದಶಕದಾಗ ಬಗೆಹರಿಸಿ ಇಟ್ಟಾನ. 99ಕ್ಕ ಸುತ್ತೋ ಮ್ಯಾಗಝೀನ್, ಐದು ತೋಟಾ, ಎಷ್ಟು ಉಳದಾವ ಅಂತ ತೋರ್ಸೋ ಹಿತ್ತಾಳಿ ಅಂಕಿ ಎಡಮಗ್ಗಲಿಗೆ. ಹ್ಯಾಮರ್ ಹೊರಗ ಇಲ್ಲ, ಗಿಡಗಂಟಿಗೆ ಸಿಗಾಂಗಿಲ್ಲ. .300 ಸ್ಯಾವೇಜ್ 1920ರದು, 150 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 2,630 ಅಡಿ. ನಿಮ್ಮ .30-30 170 ಗ್ರೇನಿಗೆ 2,200. ಲೆಕ್ಕ ನೀವ ಹಾಕ್ರಿ.

ಕೊಳ್ಳುವಾಗ ಮರ ನೋಡ್ರಿ, ಮರ. ರಿಸೀವರಿನ ಬಾಲ ಮರದಾಗ ಹೋಗೋ ಜಾಗಾದಾಗ ಸೀಳಿರತೈತಿ. ಮರ ಹಿಡಿಯೋ ಒಳಗಿನ ಬೋಲ್ಟ್ ಸಡಿಲಾದರ ಒದಿಕಿ ಪೂರ್ತಿ ಆ ತೆಳು ಮರಕ್ಕ ಬೀಳತೈತಿ, ಬಿರುಕು ಬಿಡತೈತಿ. ಮರ ಕಳಚಿ, ಬಿರುಕಿಗೆ ಎಪಾಕ್ಸಿ ಇಳಿಸಿ, ಬಾಲದ ಹಿಂದ ಕಾಗದದ ದಪ್ಪದಷ್ಟು ಖಾಲಿ ಬಿಟ್ಟು ಬೆಡ್ಡಿಂಗ್ (ಲೋಹ-ಮರದ ನಡುವ ಎಪಾಕ್ಸಿ ತುಂಬೂದು) ಮಾಡಬೇಕು. ಬೇರೆ ಮರ ಅಂದರ 250 ಮ್ಯಾಲ, ಅದೂ ನಿಮ್ಮ ಮಾಡೆಲ್ಲಿಗೆ ಹೊಂದೂದು ಸಿಗಬೇಕಲ್ಲ. ಸುತ್ತೋ ಚರಕಾ ಮಾತ್ರ ಬಿಚ್ಚಬ್ಯಾಡ್ರಿ, ಸ್ಪ್ರಿಂಗಿನ ಬಿಗಿ ತಪ್ಪಿದರ ತೋಟಾ ಮ್ಯಾಲೆ ಬರಾಂಗಿಲ್ಲ. ತೋಟಾ 20ರ ಪೆಟ್ಟಿಗಿಗೆ 55 ಡಾಲರ್, ಕಂಡಲ್ಲಿ ತಗೊಂಡು ಇಡ್ರಿ.

ಬೈಂದೂರು_ಪಂಪ್: ಪೆನ್ಸಿಲ್ವೇನಿಯಾದಲ್ಲಿ ನಿಂತು ಲಿವರ್ ಲಿವರ್ ಅಂತ ಬಡ್ಕೊಳ್ತೀರಲ್ಲ ಮಾರಾಯ್ರೇ. ಈ ರಾಜ್ಯದಲ್ಲಿ ಜಿಂಕೆಗೆ ಸೆಮಿ ಆಟೊಮ್ಯಾಟಿಕ್ (ತಾನೇ ತೋಟಾ ತುಂಬಿಕೊಳ್ಳುವ) ರೈಫಲ್ ಬಳಸುವ ಹಾಗಿಲ್ಲ. ಹಾಗಾಗಿ ಇಲ್ಲಿಯ ಹಳೆ ಜನ ಒಪ್ಪಿಕೊಂಡದ್ದು ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆಯುವ ಪಂಪ್, ರೆಮಿಂಗ್ಟನ್ 760. 1952ರಿಂದ 1981. ಬೋಲ್ಟಿನಲ್ಲಿ ತಿರುಪು ಮೊಳೆಯಂತೆ ಸಣ್ಣ ಸಣ್ಣ ಹಲ್ಲು. ಆಮೇಲಿನ 7600ಕ್ಕೆ ನಾಲ್ಕೇ ದಪ್ಪ ಹಲ್ಲು. ಕೆನ್ನೆಯಿಂದ ಮರ ಎತ್ತದೆ ಎರಡನೇ ಗುಂಡು ಬಿಡಬಹುದು. .30-06 ತೋಟಾ ಯಾವ ಅಂಗಡಿಯಲ್ಲೂ ಸಿಕ್ತದೆ.

ನೋಡಬೇಕಾದ್ದು ಚೇಂಬರ್, ನಳಿಗೆಯಲ್ಲಿ ತೋಟಾ ಕೂರುವ ಜಾಗ. ಹಿಂದಿನಿಂದ ಸರಳು ಹೋಗುವುದಿಲ್ಲ, ಹಾಗಾಗಿ ಚೇಂಬರ್ ಉಜ್ಜುವವರೇ ಇಲ್ಲ. ತುಕ್ಕು ಹಿಡಿದು ಚುಕ್ಕಿ ಬಿದ್ದರೆ ಹೊಡೆದ ತೋಟಾ ಅಲ್ಲೇ ಅಂಟಿ ಕೂತ್ಕೊಳ್ತದೆ, ಪಂಪ್ ಎಳೆದರೂ ಬರುವುದಿಲ್ಲ. ಬಗ್ಗುವ ಸರಳಿನ ಚೇಂಬರ್ ಬ್ರಷ್ 15 ಡಾಲರ್. ಎಣ್ಣೆ ಒರೆಸಿಯೇ ಇಡಿ, ಚಳಿಗೆ ಗಟ್ಟಿಯಾಗ್ತದೆ. ಮುಂದಿನ ಹಿಡಿ ಲಟಲಟ ಅಂದರೆ ಹೆದರಬೇಡಿ, ಅದು ಹುಟ್ಟುಗುಣ.

ಮಂಡ್ಯ_ಮಾರ್ಲಿನ್: ಲಟಲಟ ಅನ್ನೋ ಕೋವಿ ಹಿಡ್ಕೊಂಡು ಜಿಂಕೆ ಹತ್ತಿರ ಹೋಗೋದು ಹೇಗಣ್ಣ? ಮೊದಲೇ ಫೋನ್ ಮಾಡಿ ಹೇಳಿ ಹೋಗ್ತೀರಾ?

ಬೈಂದೂರು_ಪಂಪ್: ನಾವು ಹೋಗಿ ತಂದಾಯ್ತು. ನೀವು ಕ್ಯಾರಿಯರಿಗೆ ವೆಲ್ಡ್ ಹಾಕಿಸ್ತಾ ಇರಿ.

ಮಾಡೆಲ್70_ಮೈಸೂರು: ಎಲ್ಲಾ ಸರಿ, ಆದರೆ ಒಳ್ಳೇ ರೈಫಲ್ ಅಂದರೆ 1936ರಿಂದ 1963ರವರೆಗಿನ ವಿಂಚೆಸ್ಟರ್ 70. ಉದ್ದ ಉಗುರಿನ ಎಕ್ಸ್‌ಟ್ರಾಕ್ಟರ್ (ತೋಟಾ ಎಳೆಯೋ ಕೊಕ್ಕೆ) ತೋಟಾವನ್ನು ಮ್ಯಾಗಝೀನಿನಿಂದ ಎದ್ದಕೂಡಲೇ ಹಿಡಿದುಕೊಳ್ಳುತ್ತೆ, ಎರಡು ತೋಟಾ ಒಟ್ಟಿಗೆ ನುಗ್ಗೋ ಪ್ರಶ್ನೆಯೇ ಇಲ್ಲ. ಸೇಫ್ಟಿಗೆ ಮೂರು ಸ್ಥಾನ. ನಡುವಿನದರಲ್ಲಿ ಟ್ರಿಗರ್ ಬಂದ್, ಆದರೂ ಬೋಲ್ಟ್ ತೆಗೆದು ಖಾಲಿ ಮಾಡಬಹುದು. .270 ತೋಟಾ, 130 ಗ್ರೇನ್, 100 ಗಜದಲ್ಲಿ 3 ಇಂಚು ಮೇಲಕ್ಕೆ ಕೂರಿಸಿದರೆ 275 ಗಜದವರೆಗೆ ಲೆಕ್ಕ ಹಾಕೋದೇ ಬೇಡ.

ಗುರಿ ಅಲೆದಾಡಿದರೆ ನಳಿಗೆಯನ್ನು ಬೈಯಬೇಡಿ, ಮರಕ್ಕೆ ಹಿಡಿಸೋ ಮೂರು ಸ್ಕ್ರೂಗಳಲ್ಲಿ ನಡುವಿನದನ್ನು ನೋಡಿ. ಮುಂದಿನದು ಮತ್ತು ಹಿಂದಿನದು ಬಿಗಿ, ನಡುವಿನದು ಬರೀ ತಾಗಿದಷ್ಟು. ಅದನ್ನೂ ಬಿಗಿದರೆ ಆಕ್ಷನ್ ಬಾಗುತ್ತೆ.

ಪೊನ್ನಂಪೇಟೆ_ಕೋವಿ: ಅವರು 900 ಡಾಲರ್, 100 ಗಜ ಅಂದರು. ನೀವು 275 ಗಜದ ಮಾತಾಡ್ತೀರ, ಹೇಳೋ ಕೋವಿಗೆ 1,500 ಡಾಲರ್.

ಮಾಡೆಲ್70_ಮೈಸೂರು: ನಿಮ್ಮ 94ಗೆ ಖರ್ಚಾದದ್ದನ್ನು ಕೂಡಿಸಿ ನೋಡಿ ಸಾರ್. 1,273. ಅವರ ಬಜೆಟ್ ನೆನಪಾದದ್ದು ಈಗಲಾ?

ಶಾಲೂ_ಮೇರಿಲ್ಯಾಂಡ್: ರೀ, ಮೊದಲು ಎಚ್-1ಬಿ ಅಂತ ಓದಿದಿರಾ ಯಾರಾದರೂ? ಆ ವೀಸಾದವರು ಬಂದೂಕು ಮುಟ್ಟೋದೇ ಫೆಡರಲ್ ಅಪರಾಧ. ಜೈಲಿಗೆ ಕಳಿಸ್ತೀರಾ ಆ ಹುಡುಗನ್ನ?

ಬೈಂದೂರು_ಪಂಪ್: ಅರ್ಧ ಓದಿ ಹೆದರಿಸಬೇಡಿ ಅಕ್ಕ. ನಿಷೇಧ ಹೌದು, ಆದರೆ ಅಮೆರಿಕದ ಯಾವುದೇ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಡೀಲರ್ ಹತ್ತಿರ ಕೋವಿ ಕೊಳ್ಳುವ 4473 ಫಾರ್ಮ್ ತುಂಬುವಾಗ ಆ ಲೈಸೆನ್ಸನ್ನೂ ಐ-94 (ದೇಶದೊಳಗೆ ಬಂದ ದಾಖಲೆ) ಸಂಖ್ಯೆಯನ್ನೂ ತೋರಿಸಬೇಕು.

ಶಾಲೂ_ಮೇರಿಲ್ಯಾಂಡ್: ಹಾಗಿದ್ದರೆ ಪೂರ್ತಿ ಹೇಳಿ. ಪೆನ್ಸಿಲ್ವೇನಿಯಾ ಲೈಸೆನ್ಸ್ ಜೂನ್ 30ಕ್ಕೆ ಮುಗಿಯುತ್ತೆ. ಜುಲೈ 1ಕ್ಕೆ ಹೊಸದು ಕೈಯಲ್ಲಿ ಇಲ್ಲ ಅಂದರೆ ಕಪಾಟಿನಲ್ಲಿರೋ ಕೋವಿಯೇ ತೊಂದರೆ. ಬೇಟೆ ಕಾಲ ನವೆಂಬರಲ್ಲಿ ತಾನೆ ಅಂತ ಅಕ್ಟೋಬರ್‌ವರೆಗೆ ಕಾಯೋರು ಎಷ್ಟು ಜನ ಇದ್ದಾರೆ. ವಕೀಲರ ಹತ್ತಿರ ಕೇಳಿಸಿಕೊಂಡು ತಗೊಳ್ಳಲಿ.

ಬೈಂದೂರು_ಪಂಪ್: ಜೂನ್ 30 ಸರಿ. ಅದನ್ನು ಒಪ್ಪಿದೆ.

ಎಡಚ_ಪಿಟ್ಸ್‌ಬರ್ಗ್: ಎಲ್ಲರಿಗೂ ಥ್ಯಾಂಕ್ಸ್. ಲೈಸೆನ್ಸ್ ವಿಷಯ ಬರೆದಿಟ್ಟುಕೊಂಡೆ. ಆದರೆ ನಾನು ಎಡಗೈಯವನು ಅಂದಿದ್ದೆ, ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಧಾರವಾಡ_ಕಾಕಾ: ಹೌದಲ್ಲಪಾ. ಕೇಳು ತಮ್ಮಾ. 99ರಾಗ ಹಳೇವಕ್ಕ ಸೇಫ್ಟಿ ಲಿವರಿನ ಬಲಮಗ್ಗಲಿಗೆ ಟ್ರಿಗರ್ ಹಿಂದ ಐತಿ, ಎಡಗೈಗೆ ಅದು ತ್ರಾಸು. 1960ರ ಆಸುಪಾಸಿನಿಂದ ಸೇಫ್ಟಿ ಮ್ಯಾಲೆ, ಬಾಲದ ಮ್ಯಾಲೆ ಬಂತು, ಎರಡೂ ಕೈಗೆ ಹೆಬ್ಬೆಟ್ಟಿಗೆ ಸಿಗತೈತಿ. ಅಂಗಡ್ಯಾಗಿಂದು ಅಂಥಾದ್ದಿದ್ದರ ಕಣ್ಣು ಮುಚ್ಚಿ ತಗೋ.

ಪೊನ್ನಂಪೇಟೆ_ಕೋವಿ: ಎಡಗೈಗೆ 94ರಷ್ಟು ಸರಿಯಾದದ್ದಿಲ್ಲ. ಖಾಲಿ ತೋಟಾ ಮೇಲಕ್ಕೆ ಹೋಗ್ತದೆ, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ, ಹ್ಯಾಮರ್ ನಡುಮಧ್ಯ. 1970ರದ್ದಾದರೂ ಪರವಾಗಿಲ್ಲ, ಹಾಫ್ ಕಾಕ್ ಮತ್ತು ಬಾಯಿ ನೋಡಿ ತಗೊಳ್ಳಿ. 170 ಗ್ರೇನ್, 100 ಗಜಕ್ಕೆ ಸರಿಯಾಗಿ ಕೂರಿಸಿ. 200 ಗಜದಲ್ಲಿ ಎಂಟೊಂಬತ್ತು ಇಂಚು ಇಳೀತದೆ, ನಿಮಗೆ ಆ ದೂರವೇ ಬೇಡ.

ಮಂಡ್ಯ_ಮಾರ್ಲಿನ್: "1964ಕ್ಕೆ ಮುಂಚಿನದ್ದು ಮಾತ್ರ, ಉಳಿದದ್ದು 94 ಅಲ್ಲ" ಅಂದೋರು ಯಾರು ಸ್ವಾಮಿ? ಈಗ 1970ರದ್ದಾದರೂ ಪರವಾಗಿಲ್ವಾ?

ಪೊನ್ನಂಪೇಟೆ_ಕೋವಿ: ಮಾರ್ಲಿನ್ ತಗೊಳ್ಳೋದಕ್ಕಿಂತ ಪರವಾಗಿಲ್ಲ ಅಂದೆ. ಬಣ್ಣ ಹೋದಾಗ ಬ್ಲೂಯಿಂಗ್ ಕೂರಲ್ಲ ಅನ್ನೋ ಮಾತು ಹಾಗೇ ಇದೆ.

ಮಾಡೆಲ್70_ಮೈಸೂರು: ಕೂರುತ್ತೆ ಸಾರ್, ಆ ಲೋಹಕ್ಕೆ ಬೇರೆ ಪಾಕ ಬೇಕು. ಮಾಡೋರು ಕಮ್ಮಿ, 300ರ ಮೇಲೆ ಕೇಳ್ತಾರೆ.

ಮಂಡ್ಯ_ಮಾರ್ಲಿನ್: 300 ಕೊಟ್ಟು ಬಣ್ಣ ಹಚ್ಚಿಸೋದು! ನಂದು ಎರಡು ರಿಪೇರಿ ಸೇರಿ 225.