ಹೊಸ ಬ್ರೇಕ್ ಪ್ಯಾಡ್ ಹಾಕಿಸಿ ಮೂರೇ ವಾರ, ಮತ್ತೆ ಕಿರ್ರ್ ಶಬ್ದ. ಏನ್ ಮಾಡೋದು?

ಹಳದಿಗಾಡಿ:
ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡ್ ಹಾಕಿಸಿದೆ. ನಿನ್ನೆಯಿಂದ ಮತ್ತೆ ಅದೇ ರಾಗ. ಮೆಕ್ಯಾನಿಕ್ ಕೇಳಿದ್ರೆ "ಧೂಳು ಸಾರ್, ಓಡಿಸ್ತಾ ಸರಿ ಹೋಗುತ್ತೆ" ಅಂತಾನೆ. ಹಳೇ ಪ್ಯಾಡಿಗೂ ಇದನ್ನೇ ಹೇಳಿದ್ದ. ತಲೆ ಚಿಟ್ಟು ಹಿಡಿದಿದೆ, ಯಾರಾದ್ರೂ ದಾರಿ ತೋರಿಸಿ.

ಹತ್ತರಸ್ಪ್ಯಾನರ್:
ಯಾವ ಗಾಡಿ? ಯಾವ ಚಕ್ರ? ಒತ್ತಿದಾಗಲಾ, ಒತ್ತದೇ ಇದ್ದಾಗಲೂನಾ? ಸಣ್ಣ ಕೀಚಲು ಆದ್ರೆ ಪ್ಯಾಡಿನ ಅಂಚಲ್ಲಿರೋ ತಗಡಿನ ನಾಲಿಗೆ, ಚಕ್ರದ ಜೊತೆ ತಿರುಗೋ ಡಿಸ್ಕಿಗೆ ತಾಗ್ತಿರಬಹುದು, ಸವೆದಿದೆ ಅಂತ ಕೂಗಿ ಹೇಳೋಕೇ ಅದನ್ನ ಇಟ್ಟಿರೋದು. ಗರಗರ ಅಂತ ತೇಯೋ ಶಬ್ದ ಆದ್ರೆ ಹಿಂದಿನ ಕಬ್ಬಿಣದ ಪ್ಲೇಟೇ ಡಿಸ್ಕ್ ಕೆರೀತಿದೆ, ಗಾಡಿ ಹೊರಗೆ ತೆಗೀಬೇಡಿ.

ಡಿಸ್ಕ್‌ರಾಜ:
ಮೂರು ವಾರದ ಪ್ಯಾಡು ಗುರು, ಸವೆಯೋದೆಲ್ಲಿ ಬಂತು. ಗ್ಲೇಜ್ ಆಗಿದೆ ಅಷ್ಟೇ, ಅಂದ್ರೆ ಕಾದು ಮೇಲ್ಪದರ ಗಾಜಿನ ತರ ನುಣುಪಾಗಿದೆ. ಉಜ್ಜುಕಾಗದದಲ್ಲಿ ಅದನ್ನ ತೆಗೆದು ಬೆಡ್ಡಿಂಗ್ ಮಾಡಿ, ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳೋ ಹಾಗೆ. ಖಾಲಿ ರಸ್ತೆಲಿ ಬ್ರೇಕ್ ಒತ್ತಿ ವೇಗ 60 ಕಿ.ಮೀ.ಯಿಂದ 10ಕ್ಕೆ ಇಳಿಸೋದು, ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸಬಾರದು.

ಹಳದಿಗಾಡಿ:
ಮಾಡಿದೆ. ಏನೂ ಬದಲಾಗ್ಲಿಲ್ಲ.

ಡಿಸ್ಕ್‌ರಾಜ:
ಸರಿಯಾಗಿ ಉಜ್ಜಿಲ್ಲ. ಇನ್ನೊಂದ್ಸಲ ಮಾಡಿ.

ಹತ್ತರಸ್ಪ್ಯಾನರ್:
ಎಷ್ಟು ಸಲ ಉಜ್ಜಿಸ್ತೀಯಾ ಮಾರಾಯ, ಪ್ಯಾಡೇ ಖಾಲಿ ಆಗುತ್ತೆ. ಸಾರ್, ಬ್ರೇಕ್ ಆಯಿಲ್ ಮಟ್ಟ ನೋಡಿದ್ರಾ?

ಹಳದಿಗಾಡಿ:
ಹಳೇ ಪ್ಯಾಡ್ ಇದ್ದಾಗ ಮಿನ್ ಗೆರೆ ಹತ್ರ ಇಳಿದಿತ್ತು, ನಾನೇ ಮ್ಯಾಕ್ಸ್ ತನಕ ತುಂಬಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡಿ.

ಹತ್ತರಸ್ಪ್ಯಾನರ್:
ಸಂಬಂಧ ಇಲ್ವಾ! ಪ್ಯಾಡ್ ಸವೆದಷ್ಟೂ ಅದನ್ನ ತಳ್ಳೋ ಪಿಸ್ಟನ್ ಮುಂದೆ ಬರುತ್ತೆ, ಆ ಜಾಗಕ್ಕೆ ಆಯಿಲ್ ಇಳಿಯುತ್ತೆ. ಸೋರಿಕೆ ಇಲ್ಲದೆ ಮಟ್ಟ ಇಳಿದ್ರೆ ಮೊದಲು ಪ್ಯಾಡ್ ನೋಡ್ಬೇಕು. ತುಂಬಿಸಿ ಆ ಸುಳಿವನ್ನ ಅಳಿಸಿಬಿಟ್ರಿ.

ಟ್ರ್ಯಾಕ್‌ಪ್ರೇಮಿ:
ಯಾವ ಆಯಿಲ್ ಹಾಕಿದ್ರಿ? ನಾನು ಡಾಟ್ 5.1 ದರ್ಜೆಯ ಬ್ರೇಕ್ ಆಯಿಲ್ ಬಿಟ್ಟು ಬೇರೆ ಮುಟ್ಟಲ್ಲ. ಜೊತೆಗೆ ತೂತಿನ ಡಿಸ್ಕು, ಆಯಿಲ್ ಹರಿಯೋಕೆ ಸ್ಟೀಲ್ ಹೆಣೆದ ಹೋಸು, ಪ್ಯಾಡ್ ಹಿಡಿಯೋಕೆ ಕೆಂಪು ಕ್ಯಾಲಿಪರು. ಫೋಟೋ ಹಾಕ್ಲಾ?

ಡಿಸ್ಕ್‌ರಾಜ:
ಬಣ್ಣ ಬಳಿದ್ರೆ ಗಾಡಿ ನಿಲ್ಲುತ್ತಾ? ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ, 5.1 ಆದ್ರೆ 260. ನೀರು ಹೀರ್ಕೊಂಡ ಮೇಲೆ ಡಾಟ್ 4 ಆದ್ರೆ 155, 5.1 ಆದ್ರೆ 180. ದಿನಾ ಆಫೀಸಿಗೆ ಹೋಗೋರಿಗೆ ಡಾಟ್ 4 ಧಾರಾಳ ಸಾಕು, ಎರಡು ವರ್ಷಕ್ಕೊಮ್ಮೆ ಬದಲಾಯಿಸಿದ್ರಾಯ್ತು.

ಟ್ರ್ಯಾಕ್‌ಪ್ರೇಮಿ:
ಹೊಟ್ಟೆಕಿಚ್ಚು.

ಹಳದಿಗಾಡಿ:
ನನ್ನ ವಿಷಯ ಎಲ್ಲಿಗೆ ಹೋಯ್ತು? ಶಬ್ದ ಎಡಗಡೆ ಮುಂದಿನ ಚಕ್ರದ್ದು. ಇನ್ನೊಂದು, ಅರ್ಧ ಗಂಟೆ ಓಡಿಸಿ ನಿಲ್ಲಿಸಿದ್ರೆ ಸುಟ್ಟ ವಾಸನೆ. ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಎಳೆಯುತ್ತೆ, ಬ್ರೇಕ್ ಒತ್ತದಿದ್ರೂ. ಅದು ಅಲೈನ್‌ಮೆಂಟ್ ಅಂತ ಸುಮ್ಮನಿದ್ದೆ.

ಹತ್ತರಸ್ಪ್ಯಾನರ್:
ಇದನ್ನ ಮೊದಲನೇ ಸಾಲಲ್ಲೇ ಹೇಳಬಾರದಿತ್ತಾ ಸಾರ್! ಆ ಬ್ರೇಕ್ ಬಿಡ್ತಾನೇ ಇಲ್ಲ. ಅಂಗೈ ಹಿಂಭಾಗ ಎರಡೂ ಚಕ್ರದ ಹತ್ರ ಹಿಡಿದು ನೋಡಿ, ಮುಟ್ಟಬೇಡಿ. ತಣ್ಣಗಾದ ಮೇಲೆ ಬಿಚ್ಚಿ ಒಳಗಿನ, ಹೊರಗಿನ ಪ್ಯಾಡ್ ಎರಡರ ದಪ್ಪ ಹೇಳಿ.

ಹಳದಿಗಾಡಿ:
ಎಡದ್ದು ಒಲೆ ತರ ಕಾವು, ಬಲಗಡೆ ಬೆಚ್ಚಗೆ ಅಷ್ಟೇ. ಎಡಗಡೆ ರಿಮ್ ಪೂರ್ತಿ ಕಪ್ಪು ಪುಡಿ. ಪ್ಯಾಡ್ ಒಳಗಿಂದು 3 ಮಿ.ಮೀ., ಹೊರಗಿಂದು 4. ಬಲಗಡೆ ಎರಡೂ 10.

ಡಿಸ್ಕ್‌ರಾಜ:
ಓ. ಸರಿ, ಇದು ಗ್ಲೇಜ್ ಅಲ್ಲ. ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ ಹಿಡಿದಿರುತ್ತೆ.

ಹತ್ತರಸ್ಪ್ಯಾನರ್:
ಪಿನ್ ಆದ್ರೆ ಸಾಮಾನ್ಯವಾಗಿ ಒಳ, ಹೊರ ಪ್ಯಾಡ್ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣುತ್ತೆ. ಇಲ್ಲಿ ಎರಡೂ ಹೆಚ್ಚುಕಮ್ಮಿ ಒಟ್ಟಿಗೇ ಹೋಗಿವೆ. ಜಾಕ್ ಮೇಲಷ್ಟೇ ನಂಬಬೇಡಿ, ಸ್ಟ್ಯಾಂಡ್ ಇಟ್ಟು, ಚಕ್ರ ಬಿಗಿಯಾಗಿರುವಾಗ ಕ್ಯಾಲಿಪರಿನಿಂದ ಆಯಿಲ್, ಗಾಳಿ ಹೊರಬಿಡೋ ಬ್ಲೀಡರ್ ನಿಪ್ಪಲ್ ಸ್ವಲ್ಪ ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡ್ರೆ ಒಳಗೆ ಒತ್ತಡ ಸಿಕ್ಕಾಕೊಂಡಿದೆ ಅಂತ. ಬಿಡದಿದ್ರೆ ಪಿಸ್ಟನ್ನೋ ಪಿನ್ನೋ.

ಹಳದಿಗಾಡಿ:
ಚುಯ್ಯಂತ ಚಿಮ್ಮಿತು, ಕನ್ನಡಕಕ್ಕೆಲ್ಲಾ ಹಾರಿತು. ಚಕ್ರ ಕೈಯಲ್ಲೇ ತಿರುಗ್ತಿದೆ ಈಗ!

ಹತ್ತರಸ್ಪ್ಯಾನರ್:
ಹಾಗಾದ್ರೆ ರಬ್ಬರ್ ಹೋಸ್ ಒಳಗಡೆ ಊದಿಕೊಂಡಿರಬೇಕು. ಕಾಲಿನ ಬಲಕ್ಕೆ ಆಯಿಲ್ ಒಳಗೆ ಹೋಗುತ್ತೆ, ವಾಪಸ್ ಬರೋಕೆ ದಾರಿ ಇಲ್ಲ. ಹೊರಗಿಂದ ನೋಡಿದ್ರೆ ಹೊಸದರ ಹಾಗೇ ಇರುತ್ತೆ, ಅದಕ್ಕೇ ಯಾರೂ ಹಿಡಿಯಲ್ಲ. ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಕೆಟ್ಟಿದ್ರೆ ಇದೊಂದೇ ಚಕ್ರ ಹಿಡೀತಿರಲಿಲ್ಲ. ಎಡ ಬಲ ಎರಡೂ ಹೋಸ್ ಬದಲಾಯಿಸಿ, ಗಾಳಿ ತೆಗೆಸಿ, ಪ್ಯಾಡ್ ಜೋಡಿಯಾಗೇ ಹಾಕಿಸಿ. ಡಿಸ್ಕ್ ನೀಲಿಗಟ್ಟಿದೆಯಾ ನೋಡಿ. ಅಲ್ಲಿ ತನಕ ಗಾಡಿ ನಿಂತಲ್ಲೇ ಇರಲಿ.

ಹಳದಿಗಾಡಿ:
ಹೋಸ್ ಹಾಕಿಸಿ ನಾಲ್ಕು ದಿನ. ಎಳೆತ ಇಲ್ಲ, ವಾಸನೆ ಇಲ್ಲ. ಮೆಕ್ಯಾನಿಕ್ ಮಾತ್ರ "ನಾನು ಅವತ್ತೇ ಹೇಳಿದ್ನಲ್ಲ ಸಾರ್" ಅಂತಿದ್ದಾನೆ.

ಟ್ರ್ಯಾಕ್‌ಪ್ರೇಮಿ:
ಸ್ಟೀಲ್ ಹೋಸ್ ಹಾಕಿಸ್ಬೇಕಿತ್ತು.

ಮಳೆಹುಳ:
ಇಲ್ಲೇ ಕೇಳ್ತೀನಿ, ಬೈಬೇಡಿ. ರಾತ್ರಿ ಮಳೆ ಬಂದ್ರೆ ಬೆಳಿಗ್ಗೆ ಮೊದಲನೇ ಬ್ರೇಕಿಗೆ ಗರ್ ಅನ್ನುತ್ತೆ. ನನ್ನ ಹೋಸೂ ಹೋಯ್ತಾ?

ಹತ್ತರಸ್ಪ್ಯಾನರ್:
ಡಿಸ್ಕ್ ಮೇಲೆ ಕೂತ ತುಕ್ಕು. ಎರಡು ಮೂರು ಸಲ ಒತ್ತಿದ್ರೆ ಉಜ್ಜಿಹೋಗುತ್ತೆ. ಹೋಗದಿದ್ರೆ ಬೇರೆ ಥ್ರೆಡ್ ತೆಗೀರಿ, ಗಾಡಿ ಹೆಸರು ಹಾಕಿ. ಇವರದ್ದು ಯಾವ ಗಾಡಿ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.