ಜರ್ಮನಿಯ ಡಾರ್ಟ್‌ಮುಂಡ್‌ಗೆ ಫುಟ್‌ಬಾಲ್ ನೋಡಲು ಎದುರಾಳಿ ತಂಡದ ಅಭಿಮಾನಿಯಾಗಿ ಹೋಗುವವರಿಗೆ: ಗೇಟ್‌ನಲ್ಲಿ ಕೆಲಸ ಮಾಡುವವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸ್ಟುಟ್‌ಗಾರ್ಟ್‌ನಿಂದ): ನಮಸ್ಕಾರ ಸರ್. ನಾನು ಬೆಂಗಳೂರಿನವನು, ಕೆಲಸದ ಮೇಲೆ ಇಲ್ಲಿಗೆ ಬಂದೆ. ಈಗ ಇಲ್ಲಿನ ಫುಟ್‌ಬಾಲ್ ಕ್ಲಬ್ ವಿಎಫ್‌ಬಿ ಸ್ಟುಟ್‌ಗಾರ್ಟ್ ನನ್ನ ತಂಡ. ಊರಲ್ಲಿದ್ದಾಗ ಕಂಠೀರವದಲ್ಲಿ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಬೆಂಗಳೂರು ಎಫ್‌ಸಿಗೆ ಕೂಗಿದ್ದೇನೆ. ಈ ಸಲ ತಂಡದ ಜೊತೆ ಡಾರ್ಟ್‌ಮುಂಡ್‌ಗೆ ಹೋಗಬೇಕು ಅಂತ ಆಸೆ. ಟಿಕೆಟ್ ಎಲ್ಲಿ ಸಿಗುತ್ತದೆ? ನಮ್ಮನ್ನು ಎಲ್ಲಿ ನಿಲ್ಲಿಸುತ್ತಾರೆ?

ಉತ್ತರ: ನಮಸ್ಕಾರ. ನಾನು ಇಲ್ಲಿ ಡಾರ್ಟ್‌ಮುಂಡ್ ಸ್ಟೇಡಿಯಂನಲ್ಲಿ ಪಂದ್ಯದ ದಿನ ಗೇಟ್ ಡ್ಯೂಟಿ ಮಾಡುವವನು. ಹೊರಗಿನಿಂದ ಬರುವ ಅಭಿಮಾನಿಗಳನ್ನು ಒಳಗೆ ಬಿಡುವುದೇ ನನ್ನ ಕೆಲಸ. ಆದ್ದರಿಂದ ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು.

ಟಿಕೆಟ್ ಡಾರ್ಟ್‌ಮುಂಡ್ ಕ್ಲಬ್‌ನಲ್ಲಿ ಕೇಳಬೇಡಿ, ನಿಮ್ಮ ಸ್ಟುಟ್‌ಗಾರ್ಟ್ ಕ್ಲಬ್‌ನಲ್ಲೇ ಕೇಳಿ. ಬುಂಡೆಸ್‌ಲಿಗಾದಲ್ಲಿ, ಅಂದರೆ ಜರ್ಮನಿಯ ದೊಡ್ಡ ಲೀಗ್‌ನಲ್ಲಿ, ಸ್ಟೇಡಿಯಂನ ಹತ್ತರಲ್ಲಿ ಒಂದು ಪಾಲು ಅತಿಥಿ ತಂಡದ ಅಭಿಮಾನಿಗಳಿಗೆ ಅಂತ ನಿಯಮ ಇದೆ. ಇಲ್ಲಿ ಒಟ್ಟು 81,365 ಜನ ಹಿಡಿಯುತ್ತಾರೆ. ಅಂದರೆ ನಿಮ್ಮ ಕ್ಲಬ್‌ಗೆ ಸುಮಾರು 8 ಸಾವಿರ ಟಿಕೆಟ್ ಬರುತ್ತದೆ. ಜಾಸ್ತಿ ಅನ್ನಿಸಬಹುದು, ಆದರೆ ಕೇಳುವವರು ಅದಕ್ಕಿಂತ ಎಷ್ಟೋ ಪಟ್ಟು. ಸದಸ್ಯರಿಗೆ ಮತ್ತು ಫ್ಯಾನ್ ಕ್ಲಬ್‌ಗಳಿಗೆ ಮೊದಲು ಸಿಗುತ್ತದೆ. ನೀವಿನ್ನೂ ಸದಸ್ಯರಾಗಿಲ್ಲ ಅಂದರೆ ಇವತ್ತೇ ಆಗಿ. ನಿಮ್ಮ ಏರಿಯಾದ ಫ್ಯಾನ್ ಕ್ಲಬ್ ಸೇರಿದರೆ ಇನ್ನೂ ಒಳ್ಳೆಯದು. ಬಸ್ಸು, ಊಟ, ಟಿಕೆಟ್ ಎಲ್ಲ ಒಟ್ಟಿಗೆ ಆಗುತ್ತದೆ, ಜೊತೆಗೆ ಸ್ನೇಹಿತರೂ ಸಿಗುತ್ತಾರೆ.

ನಿಮ್ಮ ಜಾಗ ಉತ್ತರದ ಸ್ಟ್ಯಾಂಡ್‌ನ ಮೂಲೆ. ಬೋರ್ಡ್‌ಗಳಲ್ಲಿ 'ಗೆಸ್ಟೆ' (ಅತಿಥಿಗಳು) ಅಂತ ಇರುತ್ತದೆ, ಅದನ್ನೇ ಹಿಡಿದು ಬನ್ನಿ. ಅಲ್ಲಿ ಕೂರುವ ಜಾಗವೂ ಇದೆ, ನಿಂತು ನೋಡುವ ಜಾಗವೂ ಇದೆ. ನಿಂತು ನೋಡುವ ಟಿಕೆಟ್ ತುಂಬಾ ಅಗ್ಗ. ಎದುರಿಗೇ ದಕ್ಷಿಣದ ಸ್ಟ್ಯಾಂಡ್. 24 ಸಾವಿರಕ್ಕೂ ಹೆಚ್ಚು ಜನ ಒಂದೇ ಇಳಿಜಾರಿನಲ್ಲಿ ಹಳದಿ ಬಟ್ಟೆ ಹಾಕಿಕೊಂಡು ನಿಂತಿರುತ್ತಾರೆ. ಯುರೋಪ್‌ನಲ್ಲಿ ನಿಂತು ನೋಡುವ ಸ್ಟ್ಯಾಂಡ್‌ಗಳಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲ. ಆ ಜನರ ಹಳದಿ ಗೋಡೆಯನ್ನು ನೇರ ಎದುರಿನಿಂದ ನೋಡುವ ಭಾಗ್ಯ ನಿಮ್ಮ ಮೂಲೆಯವರಿಗೆ. ದಕ್ಷಿಣದಲ್ಲೇ ನಿಂತವರಿಗೆ ಅದು ಕಾಣುವುದಿಲ್ಲ, ಅಲ್ವಾ!

ಪ್ರಶ್ನೆ (ಅದೇ ಸ್ನೇಹಿತರು): ಥ್ಯಾಂಕ್ಸ್ ಸರ್. ಒಂದು ವೇಳೆ ಕ್ಲಬ್‌ನಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಮರುಮಾರಾಟದ ಟಿಕೆಟ್ ತಗೊಂಡು ಡಾರ್ಟ್‌ಮುಂಡ್ ಕಡೆಯವರ ಮಧ್ಯೆ ಕೂತರೆ ಆಗುತ್ತದಾ? ಒಳಗೆ ಸ್ಟುಟ್‌ಗಾರ್ಟ್ ಜೆರ್ಸಿ ಹಾಕಿಕೊಂಡು, ಮೇಲೆ ಜಾಕೆಟ್.

ಉತ್ತರ: ಬೇಡ. ಎರಡೂ ಬೇಡ.

ಕ್ಲಬ್ ಒಪ್ಪದ ಸೈಟ್‌ನಲ್ಲಿ ಕೊಂಡ ಟಿಕೆಟ್ ರದ್ದಾಗಬಹುದು. ಅಷ್ಟು ದುಡ್ಡು ಕೊಟ್ಟು ಬಂದವರು ಗೇಟ್‌ನಲ್ಲಿ ಸ್ಕ್ಯಾನ್ ಆಗದೆ ನಿಂತಾಗ ನಮಗೂ ಹೊಟ್ಟೆ ಉರಿಯುತ್ತದೆ, ಆದರೆ ಒಳಗೆ ಬಿಡುವ ಅಧಿಕಾರ ನಮಗಿಲ್ಲ. ಕ್ಲಬ್‌ಗಳು ತಾವೇ ನಡೆಸುವ ಮರುಮಾರಾಟದ ವ್ಯವಸ್ಥೆ ಇದೆ. ಟಿಕೆಟ್ ಬೇಡವಾದವರು ಅಲ್ಲಿ ಹಾಕುತ್ತಾರೆ. ಅದನ್ನು ಮಾತ್ರ ನೋಡಿ.

ಇನ್ನು ಜೆರ್ಸಿ. ಮನೆ ತಂಡದವರ ಬ್ಲಾಕ್‌ನಲ್ಲಿ ಎದುರಾಳಿ ಬಣ್ಣ ಕಂಡರೆ ನಾವೇ ಬಂದು ಹೊರಗೆ ಕರೆಯಬೇಕಾಗುತ್ತದೆ, ಅದರಲ್ಲೂ ದಕ್ಷಿಣದಲ್ಲಿ. ಜಾಕೆಟ್ ಮುಚ್ಚಿಕೊಂಡರೂ ನಿಮ್ಮ ತಂಡ ಗೋಲ್ ಹೊಡೆದಾಗ ಏನು ಮಾಡುತ್ತೀರಿ? ಸುಮ್ನೆ ಕೂರಲು ಆಗುತ್ತದಾ? ಅಷ್ಟು ದೂರ ಬಂದು ಗೋಲ್ ಬಿದ್ದಾಗ ಬಾಯಿ ಮುಚ್ಚಿಕೊಂಡಿರುವುದು ದೊಡ್ಡ ನಷ್ಟ. ನಿಮ್ಮವರ ಜೊತೆ ನಿಂತು ಗಂಟಲು ಬಿಚ್ಚಿ ಕೂಗಿ.

ಪ್ರಶ್ನೆ (ಒಬ್ಬರು ತಾಯಿ, ಹೈಲ್‌ಬ್ರಾನ್‌ನಿಂದ): ಸರ್, ನಮ್ಮೆಜಮಾನರು ಎಂಟು ವರ್ಷದ ಮಗನನ್ನು ಇದೇ ಪಂದ್ಯಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾರೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ತೀರಿಕೊಂಡಿದ್ದು ಮನಸ್ಸಿನಿಂದ ಹೋಗಿಲ್ಲ. 80 ಸಾವಿರ ಜನ ಅಂದರೆ ಕೈಕಾಲು ನಡುಗುತ್ತದೆ. ಕಳಿಸಬಹುದಾ?

ಉತ್ತರ: ಅಕ್ಕಾ, ನಿಮ್ಮ ಭಯ ನ್ಯಾಯವಾದದ್ದು. ಆ ದಿನದ ಸುದ್ದಿ ಓದಿ ನನಗೂ ನಿದ್ದೆ ಬಂದಿರಲಿಲ್ಲ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಜನ ಜಾಸ್ತಿ ಅನ್ನುವುದೊಂದರಿಂದಲೇ ಅನಾಹುತ ಆಗುವುದಿಲ್ಲ. ಎಲ್ಲರೂ ಒಂದೇ ಹೊತ್ತಿಗೆ, ಒಂದೇ ಕಿರಿದಾದ ಬಾಗಿಲಿಗೆ ಬಂದಾಗ, ಮುಂದೆ ಏನಾಗುತ್ತಿದೆ ಅಂತ ಹಿಂದಿನವರಿಗೆ ಗೊತ್ತಿಲ್ಲದಾಗ ಆಗುತ್ತದೆ. ನಮ್ಮ ಕೆಲಸದಲ್ಲಿ ಎಲ್ಲರಿಗೂ ಹಿಲ್ಸ್‌ಬರೋ ಅನ್ನುವ ಸ್ಟೇಡಿಯಂನ ಕಥೆ ಗೊತ್ತು. 1989ರ ಏಪ್ರಿಲ್ 15, ಇಂಗ್ಲೆಂಡಿನ ಶೆಫೀಲ್ಡ್. ಲಿವರ್‌ಪೂಲ್‌ನಿಂದ ಬಂದ ಅಭಿಮಾನಿಗಳು, ಅಂದರೆ ನಿಮ್ಮ ಮನೆಯವರ ಹಾಗೆ ಬೇರೆ ಊರಿಗೆ ಪಂದ್ಯ ನೋಡಲು ಬಂದವರು. ಹೊರಗೆ ಗೇಟ್ ಹತ್ತಿರ ನೂಕುನುಗ್ಗಲು ಜಾಸ್ತಿಯಾಯಿತು ಅಂತ ಪೊಲೀಸರು ಒಂದು ದೊಡ್ಡ ಬಾಗಿಲು ತೆಗೆಸಿದರು. ಜನ ಸುರಂಗದಂಥ ದಾರಿಯಲ್ಲಿ ನೇರ ಮಧ್ಯದ ಕಟಕಟೆಗಳಿಗೆ, ಅಂದರೆ ಬೇಲಿ ಹಾಕಿದ ನಿಲ್ಲುವ ಜಾಗಗಳಿಗೆ, ನುಗ್ಗಿದರು. ಅವು ಆಗಲೇ ತುಂಬಿದ್ದವು. ಪಕ್ಕದ ಕಟಕಟೆಗಳಲ್ಲಿ ಜಾಗ ಇತ್ತು, ಆ ಕಡೆ ಹೋಗಿ ಅಂತ ಹೇಳುವವರೇ ಇರಲಿಲ್ಲ. 97 ಜನ ತೀರಿಕೊಂಡರು. ತಪ್ಪು ಅಭಿಮಾನಿಗಳದ್ದೇ ಅಂತ ವರ್ಷಗಟ್ಟಲೆ ಹೇಳಿದರು. ಅವರದ್ದಲ್ಲ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ.

ಆದ್ದರಿಂದಲೇ ಇಲ್ಲಿ ನಿಮ್ಮ ಟಿಕೆಟ್‌ನಲ್ಲಿ ಯಾವ ಪ್ರವೇಶದ್ವಾರ, ಯಾವ ಬ್ಲಾಕ್ ಅಂತ ಬರೆದಿರುತ್ತದೆ. ಬೇರೆ ದ್ವಾರಕ್ಕೆ ಹೋದರೆ ಬಿಡುವುದಿಲ್ಲ. ಒಳಗೆ ಎಷ್ಟು ಜನ ಹೋದರು ಅಂತ ಲೆಕ್ಕ ಇರುತ್ತದೆ. ಬ್ಲಾಕ್‌ನ ಮೆಟ್ಟಿಲ ಮೇಲೆ ನಿಂತವರನ್ನು ನಾವು ಪದೇ ಪದೇ ಜರುಗಿಸುತ್ತೇವೆ. ಜನರಿಗೆ ಕಿರಿಕಿರಿ ಆಗುತ್ತದೆ ಅಂತ ಗೊತ್ತು. ಆ ದಾರಿ ಖಾಲಿ ಇದ್ದರೆ ಮಾತ್ರ ಯಾರಿಗಾದರೂ ತಲೆ ಸುತ್ತಿದಾಗ ನಾವು ತಲುಪಬಹುದು.

ಮಗನ ವಿಷಯ: ಕಳಿಸಿ, ಆದರೆ ನಿಂತು ನೋಡುವ ಜಾಗಕ್ಕೆ ಬೇಡ. ಕೂರುವ ಸೀಟೇ ತೆಗೆದುಕೊಳ್ಳಲಿ. ನಿಲ್ಲುವ ಕಡೆ ಎಂಟು ವರ್ಷದ ಹುಡುಗನಿಗೆ ಮುಂದಿನವರ ಬೆನ್ನು, ಮೇಲೆ ಬೀಸುವ ಬಾವುಟ ಬಿಟ್ಟು ಏನೂ ಕಾಣುವುದಿಲ್ಲ. ಕಿವಿಗೆ ಹಾಕುವ ಇಯರ್‌ಮಫ್ ತರಲಿ, ಸದ್ದು ನಿಜಕ್ಕೂ ದೊಡ್ಡದು. ಅಪ್ಪನ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಮಗನ ಜೇಬಿನಲ್ಲಿಡಿ. ಮತ್ತು ಬೇಗ ಬರಲಿ. ಸಾಮಾನ್ಯವಾಗಿ ಎರಡು ಗಂಟೆ ಮೊದಲು ಗೇಟ್ ತೆಗೆಯುತ್ತೇವೆ. ಮೊದಲ ಅರ್ಧ ಗಂಟೆಯಲ್ಲಿ ಬಂದವರು ಆರಾಮಾಗಿ ನಡೆದುಕೊಂಡು ಒಳಗೆ ಹೋಗುತ್ತಾರೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಬಂದವರದ್ದೇ ಎಲ್ಲ ಗಡಿಬಿಡಿ.

ನಿಲ್ಲುವ ಟಿಕೆಟ್ ತೆಗೆದುಕೊಳ್ಳುವ ದೊಡ್ಡವರಿಗೆ ಒಂದು ಮಾತು. ಬ್ಲಾಕ್‌ನಲ್ಲಿ ಅಲ್ಲಲ್ಲಿ ಕಬ್ಬಿಣದ ಅಡ್ಡಕಂಬಿ ಇರುತ್ತವೆ. ಕಂಬಿ ನಿಮ್ಮ ಬೆನ್ನಿಗೆ ಇರಲಿ, ಎದೆಗೆ ಬೇಡ. ಗೋಲ್ ಆದಾಗ ಜನ ಮೇಲಿನಿಂದ ಕೆಳಕ್ಕೆ ಜಾರಿ ಬರುತ್ತಾರೆ. ಬೆನ್ನ ಹಿಂದಿನ ಕಂಬಿ ಅವರನ್ನು ತಡೆಯುತ್ತದೆ. ಎದೆಗೆ ಕಂಬಿ ಇದ್ದರೆ ಆ ಭಾರವೆಲ್ಲ ನಿಮ್ಮ ಪಕ್ಕೆಲುಬಿನ ಮೇಲೆ. ಒತ್ತಡ ಅನ್ನಿಸಿದರೆ ಎರಡೂ ಕೈ ಎದೆಯ ಮುಂದೆ ಇಟ್ಟುಕೊಂಡು ಓರೆಯಾಗಿ ಪಕ್ಕಕ್ಕೆ ಸರಿಯಿರಿ. ಬಿದ್ದ ಫೋನ್ ಎತ್ತಲು ಬಗ್ಗಬೇಡಿ. ಗೇಟ್‌ನಲ್ಲಾದರೂ ಬ್ಲಾಕ್‌ನಲ್ಲಾದರೂ ನಮ್ಮವರಿಗೆ ಕೂಗಿ ಹೇಳಿ. ಹೇಳಿದ್ದಕ್ಕೆ ಯಾರೂ ಬೈಯುವುದಿಲ್ಲ.

ಪ್ರಶ್ನೆ (ಆ ತಾಯಿಯೇ): ತುಂಬಾ ಉಪಕಾರವಾಯಿತು. ನಾವು ಸಸ್ಯಾಹಾರಿಗಳು. ತಿಂಡಿ ಕಟ್ಟಿ ಕಳಿಸಬಹುದಾ?

ಉತ್ತರ: ರೈಲಿನಲ್ಲಿ ತಿನ್ನಲು ಕಟ್ಟಿ ಕಳಿಸಿ ಅಕ್ಕಾ, ಚಪಾತಿ ಪಲ್ಯ ಏನಾದರೂ. ಒಳಗೆ ಬಾಟಲಿ, ಡಬ್ಬಿ ಬಿಡುವುದಿಲ್ಲ. ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಕೂಡ ಇಲ್ಲ. ದೊಡ್ಡ ಬ್ಯಾಗ್ ಇದ್ದರೆ ಮುಖ್ಯ ರೈಲು ನಿಲ್ದಾಣದ ಲಾಕರ್‌ನಲ್ಲಿ ಹಾಕಲಿ. ಪಂದ್ಯದ ದಿನ ಅದೂ ಬೇಗ ತುಂಬುತ್ತದೆ. ಒಳಗೆ ಸಿಗುವ ಸಾಸೇಜ್ ಸಾಮಾನ್ಯವಾಗಿ ಮಾಂಸದ್ದು. ನಿಮಗೆ ಬ್ರೆಟ್ಸೆಲ್ ಅನ್ನುವ ಉಪ್ಪಿನ ಬ್ರೆಡ್ ಮತ್ತು ಆಲೂ ಫ್ರೈಸ್. ಲೋಟಕ್ಕೆ ಡೆಪಾಸಿಟ್ ಹಿಡಿಯುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ಬರುತ್ತದೆ.

ಪ್ರಶ್ನೆ (ಕಾರ್ಲ್ಸ್‌ರೂಹೆಯ ವಿದ್ಯಾರ್ಥಿ): ಅಣ್ಣಾ, ನೇರವಾಗಿ ಕೇಳ್ತೀನಿ. ನಮ್ಮ ಮೈಬಣ್ಣ ನೋಡಿ ಯಾರಾದರೂ ಏನಾದರೂ ಅಂದರೆ? ನಾನು ಒಬ್ಬನೇ ಹೋಗುವವನು.

ಉತ್ತರ: ನೇರವಾಗಿಯೇ ಹೇಳುತ್ತೇನೆ ತಮ್ಮಾ. ಬಹಳಷ್ಟು ಜನ ನಿಮ್ಮನ್ನು ತಮ್ಮವನು ಅಂತಲೇ ನೋಡುತ್ತಾರೆ. ಅಷ್ಟು ದೂರದಿಂದ ಬಂದು ತಮ್ಮ ಹಾಡು ಕಲಿತು ಹಾಡುವವನ ಮೇಲೆ ಅವರಿಗೆ ಪ್ರೀತಿ ಜಾಸ್ತಿ. ಆದರೆ ಏನೂ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. ಕುಡಿದವರು ಇರುತ್ತಾರೆ, ಬಾಯಿ ಕೆಟ್ಟವರು ಇರುತ್ತಾರೆ.

ಹಾಗೇನಾದರೂ ಆದರೆ ಜಗಳಕ್ಕೆ ಇಳಿಯಬೇಡಿ, ನುಂಗಿಕೊಂಡೂ ಕೂರಬೇಡಿ. ಬ್ಲಾಕ್ ಮತ್ತು ಸಾಲು ನೋಡಿಕೊಂಡು ಹತ್ತಿರದ ಆರ್ಡ್ನರ್‌ಗೆ, ಅಂದರೆ ನಮ್ಮಂಥ ಡ್ಯೂಟಿಯವರಿಗೆ, ಹೇಳಿ. ಪ್ರತಿ ಕ್ಲಬ್‌ನಲ್ಲೂ 'ಫ್ಯಾನ್‌ಬೆಔಫ್‌ಟ್ರಾಗ್ಟೆ' ಅಂತ ಇರುತ್ತಾರೆ. ಅವರ ಕೆಲಸವೇ ಅಭಿಮಾನಿಗಳ ಪರ ನಿಲ್ಲುವುದು, ತಂಡದ ಜೊತೆ ಬೇರೆ ಊರಿಗೂ ಬರುತ್ತಾರೆ. ಹೋಗುವ ಮೊದಲೇ ಅವರ ನಂಬರ್ ಫೋನ್‌ನಲ್ಲಿ ಇಟ್ಟುಕೊಳ್ಳಿ. ಡಾರ್ಟ್‌ಮುಂಡ್‌ನಲ್ಲಿ ಬಲಪಂಥೀಯ ಗುಂಪುಗಳ ಕಾಟ ಇದ್ದದ್ದು ನಿಜ. ಕ್ಲಬ್ ಅದನ್ನು ಮುಚ್ಚಿಡದೆ ಎದುರಿಸಿದೆ. ತನ್ನ ಅಭಿಮಾನಿಗಳನ್ನು ನಾಜಿಗಳ ಸಾವಿನ ಶಿಬಿರವಿದ್ದ ಆಶ್ವಿಟ್ಸ್‌ಗೆ ಕರೆದುಕೊಂಡು ಹೋಗಿ ಇತಿಹಾಸ ತೋರಿಸುತ್ತದೆ. ಇದರ ಬಗ್ಗೆ ನನಗೆ ಹೆಮ್ಮೆ ಇದೆ.

ಒಬ್ಬರೇ ಹೋಗುವುದಾದರೆ ಬ್ಲಾಕ್‌ನ ನಟ್ಟನಡುವೆ, ಮೆಗಾಫೋನ್ ಹಿಡಿದವರ ಎದುರಿಗೆ ಹೋಗಬೇಡಿ. ಅದು ಅಲ್ಟ್ರಾಗಳ, ಅಂದರೆ ಗುಂಪು ಕಟ್ಟಿಕೊಂಡು ಬರುವ ಕಟ್ಟಾ ಅಭಿಮಾನಿಗಳ ಜಾಗ. ಅವರ ಮುಖ ವಿಡಿಯೋ ಮಾಡುವುದಂತೂ ಬೇಡವೇ ಬೇಡ. ಸ್ವಲ್ಪ ಅಂಚಿನಲ್ಲಿ ನಿಲ್ಲಿ. ಪಕ್ಕದಲ್ಲಿ ಯಾರಾದರೂ ಬೆಂಕಿ, ಹೊಗೆ ಹಚ್ಚಿದರೆ ದೂರ ಸರಿಯಿರಿ. ಕೈಯಲ್ಲಿ ಹಿಡಿದು ಸಿಕ್ಕಿಬಿದ್ದರೆ ಇಡೀ ದೇಶದ ಸ್ಟೇಡಿಯಂಗಳಿಗೆ ನಿಷೇಧ ಬೀಳಬಹುದು.

ಪ್ರಶ್ನೆ (ಮಂಗಳೂರಿನಿಂದ): ನಾವು ಊರಿನಿಂದಲೇ ಬರುವವರು ಸರ್. ಪಂದ್ಯದ ದಿನಕ್ಕೆ ಸರಿಯಾಗಿ ವಿಮಾನ ಬುಕ್ ಮಾಡಬಹುದಾ?

ಉತ್ತರ: ಸ್ವಲ್ಪ ತಾಳಿ. ಬೇಸಿಗೆಯಲ್ಲಿ ವೇಳಾಪಟ್ಟಿ ಬಂದಾಗ ಯಾವ ವಾರಾಂತ್ಯ ಅಂತ ಮಾತ್ರ ಗೊತ್ತಾಗುತ್ತದೆ. ಶುಕ್ರವಾರ ರಾತ್ರಿಯೋ, ಶನಿವಾರ ಮಧ್ಯಾಹ್ನ 3:30ಕ್ಕೋ, ಭಾನುವಾರವೋ ಅಂತ ಆಮೇಲೆ, ಕೆಲವು ವಾರ ಮೊದಲಷ್ಟೇ ತಿಳಿಸುತ್ತಾರೆ. ಆದ್ದರಿಂದ ಗುರುವಾರ ಬಂದು ಮಂಗಳವಾರ ಹೊರಡುವ ಹಾಗೆ ಇಟ್ಟುಕೊಳ್ಳಿ. ಮಿಕ್ಕ ದಿನ ವ್ಯರ್ಥವಾಗುವುದಿಲ್ಲ. ಸ್ಟೇಡಿಯಂ ಟೂರ್ ಇದೆ, ಅಲ್ಲೇ ಕ್ಲಬ್‌ನ ಮ್ಯೂಸಿಯಂ ಇದೆ. ಪಕ್ಕದಲ್ಲೇ ರೋಟೆ ಎರ್ಡೆ ಅನ್ನುವ ಹಳೆಯ ಮೈದಾನ. 1974ರ ವಿಶ್ವಕಪ್‌ಗೆ ಈ ದೊಡ್ಡ ಸ್ಟೇಡಿಯಂ ಕಟ್ಟುವ ಮೊದಲು ಡಾರ್ಟ್‌ಮುಂಡ್ ಆಡುತ್ತಿದ್ದದ್ದು ಅಲ್ಲೇ. ನನ್ನನ್ನು ಕೇಳಿದರೆ ಅದನ್ನು ನೋಡದೆ ಹೋಗಬಾರದು.

ಪ್ರಶ್ನೆ (ಸ್ಟುಟ್‌ಗಾರ್ಟ್‌ನ ಮೊದಲ ಸ್ನೇಹಿತರು): ಕೊನೆಯದು ಸರ್. ಪಂದ್ಯ ಮುಗಿದ ಮೇಲೆ ಅದೇ ರಾತ್ರಿ ವಾಪಸ್ ಆಗಬಹುದಾ?

ಉತ್ತರ: 3:30ರ ಪಂದ್ಯ ಆದರೆ ಆಗಬಹುದು. ಸಂಜೆ 6:30ರದ್ದಾದರೆ ರೂಮ್ ನೋಡಿಕೊಳ್ಳಿ, ಅಥವಾ ಫ್ಯಾನ್ ಕ್ಲಬ್ ಬಸ್ಸಿನಲ್ಲೇ ಬನ್ನಿ. ಕೆಲವು ಪಂದ್ಯಗಳಲ್ಲಿ ಪೊಲೀಸರು ಅತಿಥಿ ಬ್ಲಾಕ್‌ನವರನ್ನು ಸ್ವಲ್ಪ ಹೊತ್ತು ತಡೆದು ಬಿಡುತ್ತಾರೆ. ಮುಗಿದ ತಕ್ಷಣ ಯು45 ಮೆಟ್ರೋ ಕಡೆ ಹೋಗುವವರ ಸಾಲು ತುಂಬಾ ಉದ್ದ ಇರುತ್ತದೆ. ರೈಲಿಗೆ ಒಂದೂವರೆ ಗಂಟೆಯಾದರೂ ಬಿಟ್ಟುಕೊಂಡು ಟಿಕೆಟ್ ಮಾಡಿ. ನಡೆಯುವವರಾದರೆ ಮುಖ್ಯ ನಿಲ್ದಾಣಕ್ಕೆ ಸುಮಾರು ಮುಕ್ಕಾಲು ಗಂಟೆ. ಪಂದ್ಯದ ಟಿಕೆಟ್ ಮೇಲೆ ವಿಆರ್‌ಆರ್ (ಈ ಭಾಗದ ಸಾರಿಗೆ ಸಂಸ್ಥೆ) ಗುರುತು ಇದ್ದರೆ ಆ ದಿನ ಇಲ್ಲಿನ ಮೆಟ್ರೋ, ಬಸ್ಸಿಗೆ ಬೇರೆ ಟಿಕೆಟ್ ಬೇಡ. ಸ್ಟುಟ್‌ಗಾರ್ಟ್‌ವರೆಗಿನ ಐಸಿಇ ಅನ್ನುವ ವೇಗದ ರೈಲಿಗೆ ಅದು ನಡೆಯುವುದಿಲ್ಲ, ಅದನ್ನು ಬೇರೆಯಾಗಿ ತೆಗೆದುಕೊಳ್ಳಿ.